ಕೂಡಿ ಚಿತ್ರ ತಿದ್ದುವ ಗಣಕಯಂತ್ರಗಳು

ಬೇರೆ ಬೇರೆ ಗಣಕಯಂತ್ರಗಳ ಮುಂದೆ ಕುಳಿತವರು ಒಂದೇ ಚಿತ್ರವನ್ನು ಕೂಡಿ ತಿದ್ದುವುದು ಇಂದು ಸಾಮಾನ್ಯ ಸಂಗತಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಪರದೆಯನ್ನು ಹಂಚಿಕೊಂಡು ಇದಕ್ಕೆ ದಾರಿ ತೋರಿದರು. 1980ರ ದಶಕದಲ್ಲಿ ಜೆರಾಕ್ಸ್ ಕಂಪೆನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರವು ‘ಕೋಲ್ಯಾಬ್’ ಎಂಬ ಸಭಾಕೊಠಡಿಯನ್ನು ರೂಪಿಸಿತು. ಅಲ್ಲಿ ಈಥರ್‌ನೆಟ್ ಜಾಲದಿಂದ ಬೆಸೆದ ಯಂತ್ರಗಳಲ್ಲಿ ಹಲವರು ಒಟ್ಟಿಗೆ ಬರೆದು ಚಿತ್ರಿಸಬಹುದಾಗಿತ್ತು.

ಇಬ್ಬರೂ ಒಮ್ಮೆಗೇ ಒಂದೇ ಭಾಗವನ್ನು ತಿದ್ದಿದರೆ ಯಾರದು ಉಳಿಯಬೇಕು? ಬ್ಯಾಂಕಿನ ಹಳೆಯ ಲೆಡ್ಜರುಗಳನ್ನು ಬಲ್ಲ ನಮಗೆ ಈ ತೊಡಕು ಹೊಸದಲ್ಲ. ಅದು ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರು ಕಾಯಲೇಬೇಕಿತ್ತು. ಕೋಲ್ಯಾಬ್ ಕಾಯಿಸಲಿಲ್ಲ. ಪ್ರತಿ ಯಂತ್ರವೂ ತನ್ನದೇ ನಕಲನ್ನಿಟ್ಟುಕೊಂಡು ಬದಲಾವಣೆಗಳನ್ನು ಉಳಿದವಕ್ಕೆ ತಿಳಿಸುತ್ತಿತ್ತು. ಒಬ್ಬರು ತಿದ್ದುತ್ತಿರುವ ಭಾಗ ಇತರರಿಗೆ ಮಂಕಾಗಿ ಕಾಣುತ್ತಿತ್ತು. ಆ ಸೂಚನೆಯನ್ನು ಗೌರವಿಸುವ ಹೊಣೆ ಮಾತ್ರ ಮನುಷ್ಯರದೇ ಆಗಿತ್ತು.