ಡಬ್ಬಿ ಹಿಂದಿನ ಸಣ್ಣ ಅಕ್ಷರಗಳು

ಮಕ್ಕಳ ಮೈಗೆ ಹಚ್ಚೋ ಕ್ರೀಮಿನ ಡಬ್ಬಿಯನ್ನ ತಿರುಗಿಸಿ ಹಿಂಬದಿ ಓದಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಲ್ಲೊಂದು ಇತಿಹಾಸದ ಪುಸ್ತಕವೇ ಇರುತ್ತೆ. ಜೇನುಮೇಣ ರೋಮಿನ ಕಾಲದ್ದು. ಪೆಟ್ರೋಲೇಟಮ್ ಅಮೆರಿಕದ ಎಣ್ಣೆಬಾವಿಯದ್ದು. ಲ್ಯಾನೊಲಿನ್ ಕುರಿಯ ಮೈಯಿಂದ ಜರ್ಮನಿಯ ಲ್ಯಾಬಿಗೆ ಹೋಗಿ ಬಂದದ್ದು. ಒಂದೊಂದು ಹೆಸರಿಗೂ ಒಂದು ಊರು, ಒಂದು ಇಸವಿ, ಕೆಲವಕ್ಕೆ ಒಂದು ಕೋರ್ಟು ಕೇಸು.

ನಾನು ಇದನ್ನೆಲ್ಲ ಓದೋಕೆ ಕೂತಿದ್ದು ಬರೀ ಕುತೂಹಲಕ್ಕಲ್ಲ. ನನ್ನ ಮಗಳಿಗೆ ಎಕ್ಸಿಮಾ ಇದೆ. ಜೊತೆಗೆ ಶೇಂಗಾ, ಮೊಟ್ಟೆ ಎರಡೂ ಆಗಲ್ಲ. ಮೊಣಕಾಲ ಹಿಂದೆ, ಮೊಣಕೈ ಮಡಿಕೆಯಲ್ಲಿ ಚರ್ಮ ಒಣಗಿ ಬಿರಿದು, ರಾತ್ರಿಯೆಲ್ಲ ಕೆರೆದುಕೊಳ್ಳೋ ಮಗುವಿಗೆ ಏನು ಹಚ್ಚಬೇಕು ಅನ್ನೋದು ಹೊರಗಿನವರಿಗೆ ಸಣ್ಣ ಪ್ರಶ್ನೆ. ಮನೆಯವರಿಗೆ ನಿದ್ದೆಯ ಪ್ರಶ್ನೆ. ಕೋಡ್ ಬರೆಯೋ ಕೆಲಸದವನಿಗೆ ಒಂದು ಅಭ್ಯಾಸ ಇರುತ್ತೆ, ಯಾವುದೇ ಪ್ಯಾಕೇಜ್ ಬಳಸೋ ಮುಂಚೆ ಅದು ಒಳಗೆ ಏನೇನನ್ನ ಎಳೆದುಕೊಂಡು ಬರುತ್ತೆ ಅಂತ ನೋಡೋದು. ಅದನ್ನೇ ಡಬ್ಬಿಗೂ ಮಾಡಿದೆ.

ಮೊದಲು ಕಾಯಿಲೆಯ ಹೆಸರು. ನಮ್ಮ ಕಡೆ ಇಸುಬು ಅಂತಾರೆ. ಎಕ್ಸಿಮಾ ಅನ್ನೋದು ಗ್ರೀಕ್ ಪದ, ಅರ್ಥ 'ಕುದ್ದು ಉಕ್ಕೋದು'. ಉರಿಯೋ ಚರ್ಮವನ್ನ ಕಂಡವರಿಗೆ ಈ ಹೆಸರನ್ನ ವಿವರಿಸಿ ಹೇಳಬೇಕಿಲ್ಲ. 1800ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ರಾಬರ್ಟ್ ವಿಲನ್ ಚರ್ಮರೋಗಗಳನ್ನ ಕಣ್ಣಿಗೆ ಕಾಣೋ ಲಕ್ಷಣಗಳ ಮೇಲೆ ವಿಂಗಡಿಸಿದಾಗ ಇದಕ್ಕೂ ಒಂದು ಜಾಗ ಸಿಕ್ಕಿತು. 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್ ಅನ್ನೋ ಇಬ್ಬರು 'ಅಟೊಪಿ' ಅನ್ನೋ ಪದ ತಂದರು. ಇದೂ ಗ್ರೀಕ್ ಮೂಲದ್ದೇ, 'ಎಲ್ಲೂ ಹೊಂದದ್ದು, ವಿಚಿತ್ರ' ಅಂತ ಅರ್ಥ. ಒಂದೇ ಮನೆತನದಲ್ಲಿ ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ಸೀನು ಯಾಕೆ ಬರುತ್ತೆ ಅಂತ ಗೊತ್ತಾಗದೆ ಇಟ್ಟ ಹೆಸರು. 1933ರಲ್ಲಿ ವೈಸ್ ಮತ್ತು ಸಲ್ಜ್‌ಬರ್ಗರ್ ಅದನ್ನ ಚರ್ಮಕ್ಕೂ ಸೇರಿಸಿದರು. ಅಟೊಪಿಕ್ ಡರ್ಮಟೈಟಿಸ್ ಅಂತ ಡಾಕ್ಟರ್ ಚೀಟಿಯಲ್ಲಿ ಬರೆಯೋದು ಇದನ್ನೇ.

ಇನ್ನು ಮದ್ದಿನ ಕಥೆ. ಎರಡನೇ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ಒಂದು ಲೇಪ ಇದೆ. ಜೇನುಮೇಣ ಮತ್ತು ಆಲಿವ್ ಎಣ್ಣೆ ಕರಗಿಸಿ, ಅದಕ್ಕೆ ನೀರು ಕಲಸಿದ್ದು. ಹಚ್ಚಿದಾಗ ಒಳಗಿನ ನೀರು ಆರುತ್ತಾ ತಂಪು ಕೊಡುತ್ತೆ, ಅದಕ್ಕೇ ಕೋಲ್ಡ್ ಕ್ರೀಮ್. ನಮ್ಮ ಆಯುರ್ವೇದದಲ್ಲಿ ಶತಧೌತ ಘೃತ ಅಂತ ಇದೆಯಲ್ಲ, ತುಪ್ಪವನ್ನ ನೂರು ಸಲ ನೀರಿನಲ್ಲಿ ತೊಳೆದು ಬೆಣ್ಣೆಯ ಹಾಗೆ ಬೆಳ್ಳಗೆ ಮಾಡೋದು, ಅದೂ ಇದೇ ಜಾತಿಯದ್ದು. ಜಿಡ್ಡಿನೊಳಗೆ ನೀರನ್ನ ಹಿಡಿದಿಡೋ ಉಪಾಯ. ಎರಡು ಊರಿನವರು ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದು ನಿಂತಿದ್ದರು. ಆದರೆ ಹಾಲಿನ ಅಲರ್ಜಿ ಇರೋ ಮಗುವಿಗೆ ತುಪ್ಪದ ಲೇಪ ಹಚ್ಚೋ ಮುಂಚೆ ಡಾಕ್ಟರನ್ನ ಕೇಳಲೇಬೇಕು.

1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಭೂಮಿಯಿಂದ ಎಣ್ಣೆ ಬಂತು. ತಿಮಿಂಗಿಲದ ಎಣ್ಣೆಯಿಂದ ದೀಪದ ಎಣ್ಣೆ ಮಾಡ್ತಿದ್ದ ರಾಬರ್ಟ್ ಚೀಸ್‌ಬ್ರೋ ಅನ್ನೋ 22ರ ಹುಡುಗನಿಗೆ ತನ್ನ ಕಸುಬು ಹೋಗುತ್ತೆ ಅಂತ ಗೊತ್ತಾಗಿ ಅಲ್ಲಿಗೇ ಹೊರಟ. ಬಾವಿಯ ಪಂಪಿನ ಸಲಾಕೆಗಳಿಗೆ ಮೇಣದಂಥದ್ದು ಮೆತ್ತಿಕೊಂಡು ಯಂತ್ರ ನಿಲ್ಲಿಸ್ತಿತ್ತು. ಕೆಲಸದವರು ಅದಕ್ಕೆ ಶಾಪ ಹಾಕ್ತಿದ್ದರು, ಕೈ ಕೊಯ್ದುಕೊಂಡಾಗ ಅದನ್ನೇ ಹಚ್ಚಿಕೊಳ್ತಿದ್ದರು. ಚೀಸ್‌ಬ್ರೋ ಅದನ್ನ ಮನೆಗೆ ಒಯ್ದು ವರ್ಷಗಟ್ಟಲೆ ಶುದ್ಧ ಮಾಡಿ, 1872ರಲ್ಲಿ ವ್ಯಾಸಲೀನ್ ಅಂತ ಪೇಟೆಂಟ್ ತಗೊಂಡ. ಜನರೆದುರು ತನ್ನ ಮೈಯನ್ನೇ ಸುಟ್ಟುಕೊಂಡು, ಅದರ ಮೇಲೆ ಇದನ್ನ ಹಚ್ಚಿ ತೋರಿಸಿ ಮಾರಿದ ಆಸಾಮಿ. 96 ವರ್ಷ ಬದುಕಿದ. ವಾಸನೆ ಇಲ್ಲ, ಪ್ರೋಟೀನ್ ಇಲ್ಲ, ನೀರಿಲ್ಲ, ಹಾಗಾಗಿ ಕೆಡದ ಹಾಗೆ ನೋಡಿಕೊಳ್ಳೋ ರಾಸಾಯನಿಕವೂ ಬೇಡ. ಅಲರ್ಜಿಯ ಮಗುವಿನ ಮಟ್ಟಿಗೆ ಈ 'ಇಲ್ಲ'ಗಳೇ ದೊಡ್ಡ ಗುಣ.

ನಾನು ಚಳ್ಳಕೆರೆ ಕಡೆಯವನು. ಕುರಿ, ಕಂಬಳಿ, ಶೇಂಗಾ, ಎಣ್ಣೆ ಗಿರಣಿ, ಇಷ್ಟೇ ನಮ್ಮೂರಿನ ಪ್ರಪಂಚ. ಹಾಗಾಗಿ ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು ಅಂತ ಓದಿದಾಗ, ಉಣ್ಣೆ ಕತ್ತರಿಸೋ ದಿನ ಅಂಗೈಗೆ ಅಂಟ್ತಿದ್ದ ವಾಸನೆ ನೆನಪಾಯ್ತು. ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಎರಡು ಸಾವಿರ ವರ್ಷದ ಹಿಂದೆಯೇ ಕೊಳೆ ಉಣ್ಣೆಯಿಂದ ಈ ಜಿಡ್ಡು ತೆಗೆಯೋ ಕ್ರಮ ಬರೆದಿದ್ದ. ನಾರುವ ಆ ಜಿಡ್ಡನ್ನ ಶುದ್ಧ ಮಾಡೋ ವಿಧಾನಕ್ಕೆ 1882ರಲ್ಲಿ ಜರ್ಮನಿಯ ಬ್ರೌನ್ ಮತ್ತು ಲೀಬ್ರೈಖ್ ಪೇಟೆಂಟ್ ಪಡೆದರು. ಇದರ ಗುಣ ಏನಂದ್ರೆ ನೀರನ್ನ ತನ್ನೊಳಗೆ ಎಳೆದುಕೊಂಡು ಹಿಡಿದಿಡುತ್ತೆ. ಅದೇ ಉಣ್ಣೆಮೇಣದಿಂದ ಐಸಾಕ್ ಲಿಫ್ಶುಟ್ಸ್ ಅನ್ನೋ ರಸಾಯನಶಾಸ್ತ್ರಜ್ಞ ಯೂಸರಿಟ್ ಅನ್ನೋ ವಸ್ತು ಮಾಡಿದ. ಅದನ್ನ ಬಳಸಿ ಹ್ಯಾಂಬರ್ಗಿನ ಆಸ್ಕರ್ ಟ್ರೊಪ್ಲೊವಿಟ್ಸ್ 1911ರ ಡಿಸೆಂಬರಿನಲ್ಲಿ ನಿವಿಯಾ ತಂದ. ಹಿಮದ ಲ್ಯಾಟಿನ್ ಪದದಿಂದ ಬಂದ ಹೆಸರು. 1929ರಲ್ಲಿ ಕಲ್ಕತ್ತಾದ ಗೌರಮೋಹನ ದತ್ತ ಸ್ವದೇಶಿ ಹುಮ್ಮಸ್ಸಿನಲ್ಲಿ ಮಾಡಿದ ಬೋರೋಲಿನ್, ಆ ಹಸಿರು ಟ್ಯೂಬು, ಅದರಲ್ಲೂ ಬೋರಿಕ್ ಆಸಿಡ್, ಜಿಂಕ್ ಆಕ್ಸೈಡ್ ಜೊತೆಗೆ ಲ್ಯಾನೊಲಿನ್ ಇತ್ತು.

ಲ್ಯಾನೊಲಿನ್‌ನಿಂದ ಬಹಳ ಜನಕ್ಕೆ ಏನೂ ಆಗಲ್ಲ. ಆದರೆ ಬಿರಿದ ಚರ್ಮದ ಮೇಲೆ ದಿನಾ ಹಚ್ಚುವವರಲ್ಲಿ ಕೆಲವರಿಗೆ ಅದೇ ಅಲರ್ಜಿ ಆಗುತ್ತೆ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ವರ್ಷಕ್ಕೊಂದು ಅಲರ್ಜಿ ವಸ್ತುವಿನ ಕಡೆ ಬೆರಳು ತೋರಿಸುತ್ತೆ. 2023ರಲ್ಲಿ ಅದು ಲ್ಯಾನೊಲಿನ್. 2013ರಲ್ಲಿ ಮೀಥೈಲ್‌ಐಸೊಥಯಜೊಲಿನೋನ್ ಅನ್ನೋ ನಾಲಿಗೆ ತಿರುಗದ ಪ್ರಿಸರ್ವೇಟಿವ್. ಮೈಮೇಲೆ ಹಚ್ಚಿ ಹಾಗೇ ಬಿಡೋ ಕ್ರೀಮುಗಳಲ್ಲಿ ಅದನ್ನ ಬಳಸೋದನ್ನ ಯುರೋಪಿನಲ್ಲಿ 2017ರಲ್ಲಿ ನಿಷೇಧಿಸಿದರು.

ಇಷ್ಟು ಶತಮಾನ ಎಲ್ಲರೂ ಒಂದು ವಿಷಯ ನಂಬಿದ್ದರು: ಒಣಚರ್ಮಕ್ಕೆ ಬೇಕಿರೋದು ಎಣ್ಣೆ. 1952ರಲ್ಲಿ ಬಾಸ್ಟನ್ನಿನ ಅರ್ವಿನ್ ಬ್ಲ್ಯಾಂಕ್ ಒಂದು ಸರಳ ಪ್ರಯೋಗ ಮಾಡಿದ. ಗಟ್ಟಿಯಾದ ಒಣಚರ್ಮದ ತುಣುಕನ್ನ ಎಣ್ಣೆಯಲ್ಲಿ ನೆನೆಸಿದರೆ ಅದು ಗಟ್ಟಿಯಾಗೇ ಉಳೀತು. ನೀರು ಹೀರಿದಾಗ ಮಾತ್ರ ಮೆತ್ತಗಾಯ್ತು. ಅಂದರೆ ಚರ್ಮಕ್ಕೆ ಬೇಕಿರೋದು ನೀರು, ಜಿಡ್ಡಿನ ಕೆಲಸ ಆ ನೀರು ಓಡಿಹೋಗದ ಹಾಗೆ ಬಾಗಿಲು ಹಾಕೋದು. ಸ್ನಾನ ಆದ ತಕ್ಷಣ, ಮೈ ಇನ್ನೂ ತೇವ ಇರುವಾಗಲೇ ಹಚ್ಚಿ ಅಂತ ಡಾಕ್ಟರು ಹೇಳೋದರ ಹಿಂದಿನ ಲೆಕ್ಕ ಇದು. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ತಂಡ ಇನ್ನೊಂದು ಮೆಟ್ಟಿಲು ಹತ್ತಿತು. ಎಕ್ಸಿಮಾ ಇರುವ ಅನೇಕರಲ್ಲಿ ಫಿಲಾಗ್ರಿನ್ ಅನ್ನೋ ಪ್ರೋಟೀನಿನ ಜೀನ್ ಕೆಟ್ಟಿರುತ್ತೆ ಅಂತ ತೋರಿಸಿತು. ಗೋಡೆ ಇದೆ, ಗಾರೆ ಸರಿ ಇಲ್ಲ. ಒಳಗಿನ ನೀರು ಹೊರಗೆ, ಹೊರಗಿನ ಧೂಳು, ಸೋಪು, ಊಟದ ಕಣ ಒಳಗೆ.

ಈ ಕೊನೆಯ ಮಾತಿಗೇ ನಾನು ಬರಬೇಕಿತ್ತು. ಮಗಳಿಗೆ ಶೇಂಗಾ ಆಗಲ್ಲ ಅಂತ ಫೋನಲ್ಲಿ ಹೇಳಿದಾಗ ನಮ್ಮಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲ ಕಣಪ್ಪಾ, ನಮ್ಮ ಹೊಲದ ಕಾಯೇ ನಮ್ಮ ಕೂಸಿಗೆ ಆಗಲ್ಲ ಅಂದ್ರೆ ಹೆಂಗೆ?" ಅಂದರು. ಮೂರು ತಲೆಮಾರು ಶೇಂಗಾ ಬಿತ್ತಿದ ಮನೆಯ ಪ್ರಶ್ನೆ ಅದು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಉತ್ತರದ ಒಂದು ತುಂಡು ಇಂಗ್ಲೆಂಡಿನಲ್ಲಿತ್ತು. ಅಲ್ಲಿನ ಏವನ್ ಪ್ರದೇಶದಲ್ಲಿ ಹುಟ್ಟಿದಾಗಿನಿಂದ ಗಮನಿಸ್ತಾ ಬಂದಿದ್ದ ಸುಮಾರು 14 ಸಾವಿರ ಮಕ್ಕಳ ದಾಖಲೆಯನ್ನ ಗಿಡಿಯನ್ ಲ್ಯಾಕ್ ಮತ್ತು ಜೊತೆಗಾರರು ಜಾಲಾಡಿ 2003ರಲ್ಲಿ ಒಂದು ಲೇಖನ ಪ್ರಕಟಿಸಿದರು. ಶೇಂಗಾ ಅಲರ್ಜಿ ಬಂದ ಮಕ್ಕಳಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲಿ ಮೈಯಲ್ಲಿ ಗಂಧೆಯ ತೊಂದರೆ ಇತ್ತು, ಮತ್ತು ಅದಕ್ಕೆ ಹಚ್ಚಿದ್ದ ಕ್ರೀಮುಗಳಲ್ಲಿ ಶೇಂಗಾ ಎಣ್ಣೆ ಇತ್ತು. ಡಬ್ಬಿ ಮೇಲೆ ಅದು 'ಅರಾಕಿಸ್ ಆಯಿಲ್'. ಆ ಹೆಸರು ನೋಡಿ ಇದು ಕಡ್ಲೆಕಾಯಿ ಎಣ್ಣೆ ಅಂತ ಎಷ್ಟು ಜನಕ್ಕೆ ಗೊತ್ತಾಗುತ್ತೆ, ಹೇಳಿ? ಲ್ಯಾಕ್ ಅವರ ಊಹೆ ಹೀಗೆ: ಬಾಯಿಂದ ಹೊಟ್ಟೆಗೆ ಹೋದ ಆಹಾರವನ್ನ ದೇಹ ನೆಂಟ ಅಂತ ಗುರುತಿಸುತ್ತೆ, ಬಿರಿದ ಚರ್ಮದಿಂದ ನುಗ್ಗಿದ್ದನ್ನ ಕಳ್ಳ ಅಂತ ಹಿಡಿಯುತ್ತೆ. 2015ರ ಲೀಪ್ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಹಸುಗೂಸುಗಳಲ್ಲಿ ಅರ್ಧಕ್ಕೆ ಶೇಂಗಾ ತಿನ್ನಿಸಿದರು, ಅರ್ಧಕ್ಕೆ ಇಲ್ಲ. ಮೊದಲ ಚರ್ಮಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳಲ್ಲಿ, ಐದು ವರ್ಷವಾದಾಗ ತಿನ್ನದ ಗುಂಪಿನ 13.7% ಮಕ್ಕಳಿಗೆ ಅಲರ್ಜಿ ಇತ್ತು, ತಿಂದ ಗುಂಪಿನಲ್ಲಿ 1.9%. ಇದು ಡಾಕ್ಟರ ಕಣ್ಣೆದುರು ನಡೆದದ್ದು. ಈಗಾಗಲೇ ಅಲರ್ಜಿ ಇರೋ ಮಗುವಿಗೆ ಮನೆಯಲ್ಲಿ ಮಾಡಿ ನೋಡೋ ಪ್ರಯೋಗ ಅಲ್ಲವೇ ಅಲ್ಲ.

ಇದನ್ನ ಓದಿ ಅಜ್ಜಿಯರ ಎಣ್ಣೆ ಮಾಲೀಸಿನ ಮೇಲೆ ತಪ್ಪು ಹೊರಿಸೋಕೆ ಹೊರಡಬೇಡಿ. ಒಂದು ಮಗುವಿಗೆ ಅಲರ್ಜಿ ಯಾಕೆ ಬಂತು ಅಂತ ಹಿಂದಕ್ಕೆ ಹೋಗಿ ಬೆರಳು ತೋರಿಸೋಕೆ ಆಗಲ್ಲ. ಆದರೆ ಬಿರಿದ ಚರ್ಮಕ್ಕೆ ಆಹಾರದ ವಸ್ತು ಹಚ್ಚಬಾರದು ಅನ್ನೋದಕ್ಕೆ ಇಷ್ಟು ಸಾಕು. ಅನುಮಾನ ಇದ್ದರೆ ಜಪಾನಿನ ಕಥೆ ಕೇಳಿ. ಅಲ್ಲಿ ಬಹಳ ಖರ್ಚಾಗ್ತಿದ್ದ ಒಂದು ಮುಖದ ಸೋಪಿನಲ್ಲಿ ಒಡೆದ ಗೋಧಿ ಪ್ರೋಟೀನ್ ಇತ್ತು. ಅದುವರೆಗೆ ಆರಾಮಾಗಿ ಬ್ರೆಡ್ಡು, ನೂಡಲ್ಸ್ ತಿನ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗೋಧಿ ಅಲರ್ಜಿ ಬಂತು. 2011ರಲ್ಲಿ ಸೋಪನ್ನ ವಾಪಸ್ ತರಿಸಿಕೊಂಡರು. ಓಟ್ಸ್, ಬಾದಾಮಿ, ಮೇಕೆ ಹಾಲು ಅಂತ ಮುಂಬದಿಯಲ್ಲಿ ಚಿತ್ರ ಹಾಕಿದ ಬೇಬಿ ಲೋಷನ್ ಕಂಡಾಗ ನನಗೆ ಇದು ನೆನಪಾಗುತ್ತೆ.

'ಹೈಪೊಅಲರ್ಜೆನಿಕ್' ಅಂತ ಬರೆದಿದ್ದರೆ ಸಾಕಲ್ವಾ ಅಂತ ಕೇಳಬಹುದು. ಈ ಪದಕ್ಕೆ ಪುರಾವೆ ಕೊಡಬೇಕು ಅಂತ ಅಮೆರಿಕದ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. ಆಲ್ಮೇ ಮತ್ತು ಕ್ಲಿನಿಕ್ ಕಂಪನಿಗಳು ಕೋರ್ಟಿಗೆ ಹೋದವು. 1977ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ನಿಯಮವನ್ನ ತಳ್ಳಿಹಾಕಿತು. ಅಂದಿನಿಂದ ಅಲ್ಲಿ ಆ ಪದಕ್ಕೆ ಕಾನೂನಿನ ಅರ್ಥ ಇಲ್ಲ. 'ಅನ್‌ಸೆಂಟೆಡ್' ಕೂಡ ಹಾಗೇ. ಒಂದು ವಾಸನೆ ಮುಚ್ಚೋಕೆ ಇನ್ನೊಂದು ವಾಸನೆ ಹಾಕಿರಬಹುದು. ನಮಗೆ ಬೇಕಿರೋದು 'ಫ್ರೇಗ್ರೆನ್ಸ್ ಫ್ರೀ'.

ಆಸ್ಪತ್ರೆಯ ಮದ್ದು ಅಂದ ಮಾತ್ರಕ್ಕೂ ಕಣ್ಣು ಮುಚ್ಚೋ ಹಾಗಿಲ್ಲ. ಬ್ರಿಟನ್ನಿನಲ್ಲಿ ದಶಕಗಳ ಕಾಲ ಎಕ್ಸಿಮಾಕ್ಕೆ ಕೊಡ್ತಿದ್ದ ಆಕ್ವಿಯಸ್ ಕ್ರೀಮಿನಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇತ್ತು, ಶಾಂಪೂವಿನಲ್ಲಿ ನೊರೆ ಬರಿಸೋ ಅದೇ ವಸ್ತು. ಹಚ್ಚಿ ಬಿಟ್ಟರೆ ಇದು ಮಕ್ಕಳ ಚರ್ಮವನ್ನ ಉರಿಸಬಹುದು ಅಂತ ಅಲ್ಲಿನ ಔಷಧ ನಿಯಂತ್ರಕರು 2013ರಲ್ಲಿ ಎಚ್ಚರಿಸಿದರು.

ಹಾಗಾದರೆ ಯಾವುದು ಒಳ್ಳೇದು? ಬ್ರಿಸ್ಟಲ್ ವಿಶ್ವವಿದ್ಯಾಲಯದವರು 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ಹಂಚಿ ಹೋಲಿಸಿದರು. 2022ರಲ್ಲಿ ಬಂದ ಫಲಿತಾಂಶ: ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ಮಗು ಒಪ್ಪಿಕೊಂಡು ದಿನಾ ಹಚ್ಚಿಸಿಕೊಳ್ಳೋದೇ ಒಳ್ಳೇದು. ಹುಟ್ಟಿದಾಗಿನಿಂದ ಹಚ್ಚಿದರೆ ಎಕ್ಸಿಮಾ ಬರೋದೇ ಇಲ್ವಾ ಅಂತ 1,394 ಶಿಶುಗಳ ಮೇಲೆ ನೋಡಿದ್ದರು. 2020ರ ಉತ್ತರ, ತಡೆಯೋಕೆ ಆಗಲ್ಲ. ಬಂದ ಮೇಲೆ ಕಾಪಾಡೋದು ಮಾತ್ರ ನಮ್ಮ ಕೈಲಿದೆ.

ಈ ಇತಿಹಾಸದಿಂದ ನಾನು ಇಟ್ಟುಕೊಂಡ ಪಟ್ಟಿ ಚಿಕ್ಕದು. ಹಿಂಬದಿಯ ಸಾಲು ಚಿಕ್ಕದಿದ್ದಷ್ಟೂ ಒಳ್ಳೇದು. ಸುವಾಸನೆ ಬೇಡ, ತಿನ್ನೋ ವಸ್ತು ಬೇಡ. ಅರಾಕಿಸ್ ಅಂದರೆ ಶೇಂಗಾ, ಪ್ರೂನಸ್ ಅಮಿಗ್ಡಾಲಸ್ ಅಂದರೆ ಬಾದಾಮಿ, ಟ್ರಿಟಿಕಮ್ ಅಂದರೆ ಗೋಧಿ, ಅವೇನಾ ಅಂದರೆ ಓಟ್ಸ್. ಹೊಸದು ತಂದರೆ ಮೊದಲು ಮುಂಗೈಯಲ್ಲಿ ಒಂದು ರೂಪಾಯಿ ಅಗಲದ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡೋದು. ಕೆಂಪಾಗಿ ಕೀವಾದರೆ, ನಿದ್ದೆ ಕೆಟ್ಟರೆ ಡಾಕ್ಟರು. ಅವರು ಬರೆದ ಸ್ಟೀರಾಯ್ಡ್ ಮುಲಾಮಿನ ಕೆಲಸವನ್ನ ಮಾಯಿಶ್ಚರೈಸರ್ ಮಾಡಲ್ಲ.

ಇನ್ನು ದುಡ್ಡಿನ ಮಾತು. ಬ್ರಿಟನ್ನಿನ ಮಾರ್ಗಸೂಚಿ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಹೇಳುತ್ತೆ. 100 ಗ್ರಾಮಿನ ಚೆಂದದ ಟ್ಯೂಬು ಆ ಲೆಕ್ಕದಲ್ಲಿ ಮೂರು ದಿನಕ್ಕೂ ಬರಲ್ಲ. ದುಬಾರಿ ಕ್ರೀಮನ್ನ ಜಿಪುಣತನದಿಂದ ಬೊಟ್ಟಿಡೋದಕ್ಕಿಂತ, ಅಗ್ಗದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನ ಕೈತುಂಬ ತಗೊಂಡು ಬಳಿಯೋದು ಮೇಲು. ಒಂದು ಎಚ್ಚರ ಇರಲಿ: ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತೆ, ದೇವರ ದೀಪ, ಒಲೆಯಿಂದ ದೂರ ಇರಬೇಕು.

ಪಂಪಿನ ಸಲಾಕೆಗೆ ಮೆತ್ತಿಕೊಂಡಿದ್ದ ಅಂಟು ಇವತ್ತಿಗೂ ಈ ಸಾಲಿನಲ್ಲಿ ಅತ್ಯಂತ ಕಡಿಮೆ ತಂಟೆ ಮಾಡೋ ವಸ್ತುಗಳಲ್ಲೊಂದು. ಅದರ ಡಬ್ಬಿಯ ಹಿಂದೆ ಓದೋಕೆ ಹೆಚ್ಚೇನೂ ಇರಲ್ಲ. ನನ್ನಂಥ ಅಪ್ಪಂದಿರಿಗೆ ಬೇಕಿರೋದೂ ಅದೇ.