ನವೀಕೃತ ಮೊಬೈಲ್ ಖರೀದಿ: ವಾರಂಟಿ ಚೀಟಿಯಲ್ಲಿ ಬ್ಯಾಟರಿಯ ಮಾತಿದೆಯೇ?

ಹೊಸ ಮೊಬೈಲ್ ಫೋನಿನ ಬೆಲೆ ಕೈಗೆಟುಕದಾದಾಗ ನವೀಕೃತ ಫೋನಿನತ್ತ ಮುಖ ಮಾಡುವವರು ಹಲವರು. ಅಂತರ್ಜಾಲ ಮಳಿಗೆಗಳಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿಯೂ 'ರೀಫರ್ಬಿಷ್ಡ್' ಎಂಬ ಹೆಸರಿನಲ್ಲಿ ಇವು ದೊರೆಯುತ್ತವೆ. ಗಾಜು ಹೊಳೆಯುತ್ತಿರುತ್ತದೆ, ಕವಚ ಹೊಸದಾಗಿರುತ್ತದೆ, ಜೊತೆಗೆ 'ಆರು ತಿಂಗಳ ವಾರಂಟಿ' ಎಂಬ ಚೀಟಿಯೂ ಇರುತ್ತದೆ. ಆದರೆ ಮನೆಗೆ ತಂದ ಎರಡೇ ವಾರದಲ್ಲಿ, ಬೆಳಿಗ್ಗೆ ತುಂಬಿಸಿದ ಚಾರ್ಜ್ ಮಧ್ಯಾಹ್ನಕ್ಕೇ ಬರಿದಾದರೆ? ಅಂಗಡಿಗೆ ಮರಳಿದವರಿಗೆ 'ವಾರಂಟಿ ಇರುವುದು ಫೋನಿಗೆ, ಬ್ಯಾಟರಿಗಲ್ಲ' ಎಂಬ ಉತ್ತರ ದೊರೆಯಬಹುದು. ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವ ಭಾಗವೇ ವಾರಂಟಿಯಿಂದ ಹೊರಗುಳಿಯುವುದು ಇಲ್ಲಿನ ನಿಜವಾದ ತೊಡಕು.

ಬ್ಯಾಟರಿ ಏಕೆ ಸೊರಗುತ್ತದೆ?

ಇಂದಿನ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಪ್ರತಿ ಬಾರಿ ಚಾರ್ಜ್ ಮಾಡಿ ಬಳಸಿದಾಗಲೂ ಅದರೊಳಗಿನ ಲಿಥಿಯಂನ ಅಲ್ಪಾಂಶ ಉಪಯೋಗಕ್ಕೆ ಬಾರದಂತಾಗುತ್ತದೆ. ಬಳಸದೆ ಇಟ್ಟರೂ ಕಾಲ ಕಳೆದಂತೆ ಧಾರಣಶಕ್ತಿ ಕುಗ್ಗುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಕ್ರಿಯೆ ತ್ವರಿತಗೊಳ್ಳುತ್ತದೆ.

ಇದನ್ನು ಅಳೆಯುವ ಮಾನ 'ಚಾರ್ಜ್ ಸೈಕಲ್'. ಒಂದು ದಿನ ಶೇ 75ರಷ್ಟು, ಮರುದಿನ ಶೇ 25ರಷ್ಟು ಬಳಸಿದರೆ ಒಟ್ಟು ಒಂದು ಸೈಕಲ್ ಆಯಿತು. ಆಪಲ್ ಕಂಪನಿಯ ಪ್ರಕಾರ, ಐಫೋನ್ 14 ಹಾಗೂ ಅದಕ್ಕಿಂತ ಹಿಂದಿನ ಮಾದರಿಗಳ ಬ್ಯಾಟರಿಗಳು ಸೂಕ್ತ ಪರಿಸ್ಥಿತಿಯಲ್ಲಿ 500 ಸೈಕಲ್‌ಗಳ ನಂತರ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿತವಾಗಿವೆ. ಐಫೋನ್ 15ರ ಮಾದರಿಗಳಲ್ಲಿ ಇದು 1000 ಸೈಕಲ್. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸೈಕಲ್‌ಗಳ ನಂತರವೂ ಶೇ 80ರಷ್ಟು ಸಾಮರ್ಥ್ಯ ಹೊಂದಿರಬೇಕು.

ದಿನಕ್ಕೊಂದು ಸೈಕಲ್‌ನಂತೆ ಎರಡು ವರ್ಷ ಬಳಸಿದ ಫೋನು 730 ಸೈಕಲ್ ಮುಗಿಸಿರುತ್ತದೆ. ಅಂತಹ ಫೋನನ್ನು ಹಳೆಯ ಬ್ಯಾಟರಿಯೊಂದಿಗೇ 'ನವೀಕೃತ' ಎಂದು ಮಾರಿದರೆ ಕೊಂಡವರ ಪಾಡೇನೆಂದು ಊಹಿಸಬಹುದು. ಸೊರಗಿದ ಬ್ಯಾಟರಿ ಬೇಗ ಖಾಲಿಯಾಗುವುದಷ್ಟೇ ಅಲ್ಲ, ಶೇ 20 ಅಥವಾ 30 ಉಳಿದಿರುವಾಗಲೇ ಫೋನು ಹಠಾತ್ತನೆ ಆರಿಹೋಗಬಹುದು. ಹೀಗಾಗುವುದನ್ನು ತಪ್ಪಿಸಲು ಹಳೆಯ ಬ್ಯಾಟರಿಯ ಐಫೋನುಗಳ ವೇಗ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಯಾಚಿಸಿತ್ತು.

ನವೀಕರಣದ ಬಗೆಗಳು

ನವೀಕೃತ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಗುಣಮಟ್ಟದ ಫೋನುಗಳಿವೆ. ಅಮೆರಿಕ ಮೊದಲಾದ ದೇಶಗಳಲ್ಲಿ ಆಪಲ್ ತಾನೇ ನವೀಕರಿಸಿ ಮಾರುವ ಐಫೋನಿಗೆ ಹೊಸ ಬ್ಯಾಟರಿ, ಹೊಸ ಹೊರಕವಚ ಮತ್ತು ಒಂದು ವರ್ಷದ ವಾರಂಟಿ ಇರುತ್ತದೆ. ಬ್ಯಾಟರಿ ದೋಷದಿಂದ 2016ರಲ್ಲಿ ಹಿಂಪಡೆದ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಸ್ಯಾಮ್ಸಂಗ್ 2017ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮತ್ತೆ ಮಾರಿದಾಗ 3500ರ ಬದಲು 3200 ಎಂಎಎಚ್‌ನ ಬೇರೆ ಬ್ಯಾಟರಿಯನ್ನೇ ಅಳವಡಿಸಿತ್ತು. ಆದರೆ ತಯಾರಕರಲ್ಲದ ಬೇರೆ ಸಂಸ್ಥೆಗಳು ನವೀಕರಿಸಿದ ಫೋನುಗಳಲ್ಲಿ ಬ್ಯಾಟರಿ ಬದಲಾಗಿದೆಯೇ, ಬದಲಾಗಿದ್ದರೆ ಯಾವ ಕಂಪನಿಯದು ಎಂಬುದನ್ನು ಕೇಳಿಯೇ ತಿಳಿಯಬೇಕು.

ಕೊಳ್ಳುವ ಮುನ್ನ

* ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. ಶೇ 80ಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿ ಬದಲಿಸುವ ವೆಚ್ಚವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಐಫೋನ್ 15 ಮತ್ತು ನಂತರದವುಗಳಲ್ಲಿ ಸೈಕಲ್ ಸಂಖ್ಯೆಯೂ ಕಾಣುತ್ತದೆ.

* ಅಸಲಿಯಲ್ಲದ ಬ್ಯಾಟರಿ ಹಾಕಿದ್ದರೆ ಇತ್ತೀಚಿನ ಐಫೋನುಗಳು 'ಅನ್‌ನೋನ್ ಪಾರ್ಟ್' ಎಂಬ ಸೂಚನೆ ನೀಡುತ್ತವೆ. ಸ್ಯಾಮ್ಸಂಗ್ ಫೋನಿನ ಬ್ಯಾಟರಿಯನ್ನು 'ಸ್ಯಾಮ್ಸಂಗ್ ಮೆಂಬರ್ಸ್' ತಂತ್ರಾಂಶದಿಂದ ಪರೀಕ್ಷಿಸಬಹುದು.

* ಫೋನನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅದು ಅಲುಗಾಡಿದರೆ, ಪರದೆ ಅಥವಾ ಬೆನ್ನು ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಅಂತಹದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡುವುದು, ಚುಚ್ಚುವುದು ಅಪಾಯಕಾರಿ.

* ಐಎಂಇಐ ಸಂಖ್ಯೆಯನ್ನು *#06# ಒತ್ತಿ ಪಡೆದು, ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ತಾಣದಲ್ಲಿ ಪರಿಶೀಲಿಸಿ. ಕಳವಿನ ದೂರಿನ ಮೇಲೆ ತಡೆಹಿಡಿದ ಫೋನಾಗಿದ್ದರೆ ತಿಳಿಯುತ್ತದೆ.

ವಾರಂಟಿಯ ಸೂಕ್ಷ್ಮಗಳು

ವಾರಂಟಿ ಯಾರದು ಎಂಬುದು ಮೊದಲ ಪ್ರಶ್ನೆ. ತಯಾರಕರ ವಾರಂಟಿ ಇನ್ನೂ ಉಳಿದಿದ್ದರೂ, ಹೊರಗಿನವರು ಬಿಚ್ಚಿದ ಫೋನಿಗೆ ಅದು ಅನ್ವಯಿಸದೆ ಹೋಗಬಹುದು. ಆಗ ಉಳಿಯುವುದು ಮಾರಾಟಗಾರನ ವಾರಂಟಿ ಮಾತ್ರ.

ದೋಷ ಬೇರೆ, ಸವೆತ ಬೇರೆ ಎಂಬುದು ಎರಡನೆಯ ಸೂಕ್ಷ್ಮ. ಹೊಸ ಫೋನಿನ ತಯಾರಕರೂ ಸಹಜ ಸವೆತವನ್ನು ವಾರಂಟಿಯಲ್ಲಿ ಸೇರಿಸುವುದಿಲ್ಲ. ಆದ್ದರಿಂದ 'ಬ್ಯಾಟರಿಗೂ ವಾರಂಟಿ ಇದೆ' ಎಂಬ ಬಾಯಿಮಾತು ಸಾಲದು. ಖರೀದಿಯ ದಿನ ಬ್ಯಾಟರಿಯ ಸಾಮರ್ಥ್ಯ ಶೇಕಡಾ ಎಷ್ಟು, ಎಷ್ಟು ತಿಂಗಳೊಳಗೆ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿಕೊಡಲಾಗುವುದು ಎಂಬುದನ್ನು ಐಎಂಇಐ ಸಂಖ್ಯೆಯ ಸಮೇತ ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಜಾಹೀರಾತಿನ ಪುಟದ ಚಿತ್ರವನ್ನೂ ಉಳಿಸಿಟ್ಟುಕೊಳ್ಳುವುದು ಒಳಿತು.

ಕಾನೂನಿನ ಆಸರೆ

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಹಳೆಯ ಅಥವಾ ನವೀಕರಿಸಿದ ವಸ್ತುವನ್ನು ಹೊಸದೆಂದು ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಬಿಲ್ ನೀಡದಿರುವುದೂ ಅದರಲ್ಲಿ ಸೇರಿದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯಲ್ಲಿ, ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಷ್ಟೇ.

ಮಾರಾಟಗಾರ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಫಲಿಸದಿದ್ದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ಅಲ್ಲಿ ಗ್ರಾಹಕನ ಪರವಾಗಿ ಮಾತನಾಡುವುದು ಬಿಲ್ಲಿನ ಮೇಲಿನ ಬರಹ. ಹಣ ಎಣಿಸುವ ಮೊದಲು ಆ ಎರಡು ಸಾಲು ಬರೆಸಿಕೊಳ್ಳಲು ಮರೆಯದಿರಿ.