ಡಾರ್ಟ್‌ಮೂರಿನ ಬತ್ತಿದ ಕಾಲುವೆಗಳು

ಷರ್ಲಾಕ್ ಹೋಮ್ಸ್‌ನ ಕಥೆಗಳನ್ನು ಓದಿದವರಿಗೆ ಡಾರ್ಟ್‌ಮೂರ್ ಹೆಸರು ಹೊಸದಲ್ಲ. ಬಾಸ್ಕರ್‌ವಿಲ್ ಮನೆತನವನ್ನು ಕಾಡಿದ ನಾಯಿಯ ಕಥೆ ನಡೆಯುವುದು ಇಲ್ಲಿಯೇ. ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಪ್ರಾಂತ್ಯದ ಈ ಎತ್ತರದ ಪ್ರದೇಶದಲ್ಲಿ ಮರಗಳು ವಿರಳ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಜೌಗು, ಗ್ರಾನೈಟ್ ಬಂಡೆಗಳು. ಸಂಜೆಯ ಓರೆ ಬಿಸಿಲು ಬಿದ್ದಾಗ ಮಾತ್ರ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಗುಡ್ಡಗಳ ಮೈಗೆ ದಾರ ಸುತ್ತಿದಂತೆ ಹಾದುಹೋಗುವ ಕಿರಿದಾದ ಗೆರೆಗಳು. ಚಾರಣಿಗರು ಚರಂಡಿಯೆಂದು ತಿಳಿದು ದಾಟಿ ಹೋಗುವ ಈ ಗೆರೆಗಳೇ ಒಂದು ಕಾಲಕ್ಕೆ ಗಣಿಗಳನ್ನು ನಡೆಸಿದ ನೀರಿನ ಕಾಲುವೆಗಳು. ಸ್ಥಳೀಯರು ಇವುಗಳನ್ನು 'ಲೀಟ್' ಎನ್ನುತ್ತಾರೆ.

ಡಾರ್ಟ್‌ಮೂರಿನ ತವರಕ್ಕೆ ಮಧ್ಯಯುಗದಲ್ಲೇ ಬೇಡಿಕೆಯಿತ್ತು. ಡೆವನ್ ಮತ್ತು ಕಾರ್ನ್‌ವಾಲ್‌ನ ತವರದ ಕೆಲಸಗಾರರಿಗೆ ತವರ ಅಗೆಯುವ, ಅದಕ್ಕಾಗಿ ತೊರೆಗಳನ್ನು ತಿರುಗಿಸಿಕೊಳ್ಳುವ ಹಕ್ಕನ್ನು ದೊರೆ ಜಾನ್ 1201ರ ಸನ್ನದಿನಲ್ಲೇ ಮಾನ್ಯ ಮಾಡಿದ್ದ. ಹೊಳೆಯ ನೀರು ಬೇಸಾಯಗಾರನಿಗೂ ಬೇಕು, ಹಿಟ್ಟಿನ ಗಿರಣಿಯವನಿಗೂ ಬೇಕು. ಅಂಥಲ್ಲಿ ಈ ಹಕ್ಕು ಎಷ್ಟು ದೊಡ್ಡದಾಗಿತ್ತೆಂದು ವಿವರಿಸಬೇಕಿಲ್ಲ.

ಮೊದಲಿಗೆ ನೀರು ಬೇಕಾಗಿದ್ದುದು ಅದಿರನ್ನು ಮಣ್ಣಿನಿಂದ ತೊಳೆದು ಬೇರ್ಪಡಿಸಲು. ಅನಂತರ ಅದಿರು ಕುಟ್ಟುವ ಯಂತ್ರಕ್ಕೆ, ಕುಲುಮೆಯ ತಿದಿಗೆ ಬೇಕಾಯಿತು. ಗಣಿಗಳು ನೆಲದಾಳಕ್ಕೆ ಇಳಿದ ಮೇಲೆ ಒಳಗೆ ಒಸರುವ ನೀರನ್ನು ಮೇಲೆತ್ತುವ ಪಂಪಿಗೂ ನೀರೇ ಬೇಕಾಯಿತು! ಉಗಿ ಯಂತ್ರ ಬಂದ ಮೇಲೂ ಇಲ್ಲಿನ ಗಣಿಗಳು ಕಾಲುವೆಯನ್ನು ಬಿಡಲಿಲ್ಲ. ಡೆವನ್‌ನಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ; ವೇಲ್ಸ್‌ನಿಂದ ಹಡಗಿನಲ್ಲಿ ತರಿಸಿ ಗುಡ್ಡ ಹತ್ತಿಸಬೇಕಿತ್ತು. ಮಳೆಗೆ ಮಾತ್ರ ಬಡತನವಿರಲಿಲ್ಲ.

ಕಾಲುವೆಯ ಗುಟ್ಟು ಇರುವುದು ಅದರ ಇಳಿಜಾರಿನಲ್ಲಿ. ಹೊಳೆಗೆ ಮೇಲುಗಡೆ ಸಣ್ಣ ಕಟ್ಟೆ ಹಾಕಿ, ಅಲ್ಲಿಂದ ನೀರನ್ನು ಗುಡ್ಡದ ಪಕ್ಕೆಯಲ್ಲಿ ಸುತ್ತಿಸಿ ತರಬೇಕು. ಇಳಿಜಾರು ಹೆಚ್ಚಾದರೆ ದಂಡೆ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಹೊಳೆ ಕಣಿವೆಗೆ ಇಳಿದರೂ ಕಾಲುವೆ ಎತ್ತರ ಬಿಡದೆ ಸಾಗುತ್ತದೆ. ಕೊನೆಗೆ ಈ ಎರಡರ ನಡುವಿನ ಅಂತರವೇ ಚಕ್ರದ ನೆತ್ತಿಯ ಮೇಲೆ ಬೀಳುವ ನೀರಿನ ಬಲ. ಅಗೆದ ಮಣ್ಣನ್ನು ಇಳಿಜಾರಿನ ಕಡೆಗೆ ದಂಡೆಯಾಗಿ ಏರಿಸುತ್ತಿದ್ದರು. ಕಣಿವೆ ಅಡ್ಡ ಬಂದಲ್ಲಿ ಮರದ ದೋಣಿಗಾಲುವೆ ಹಾಕುತ್ತಿದ್ದರು. ಅವು ಕೊಳೆತು ಹೋಗಿರುವುದರಿಂದ ಹಲವೆಡೆ ಕಾಲುವೆ ಗಾಳಿಯಲ್ಲೇ ಕೊನೆಗೊಂಡಂತೆ ತೋರುತ್ತದೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ, ಕಾಲುವೆಯುದ್ದಕ್ಕೂ ನಡೆದು ಹೂಳು ತೆಗೆಯುವ, ಒಡೆದ ದಂಡೆ ಮುಚ್ಚುವ ಆಳುಗಳೂ ಇರುತ್ತಿದ್ದರು.

ಬರೆದಿಟ್ಟ ದಾಖಲೆ ಇಲ್ಲದಿರುವಲ್ಲಿ ಈ ಗೆರೆಗಳ ವಯಸ್ಸು ತಿಳಿಯುವುದು ಹೇಗೆ? ಪುರಾತತ್ವಜ್ಞರು ನೋಡುವುದು ಯಾವ ಗೆರೆ ಯಾವುದನ್ನು ಕತ್ತರಿಸಿದೆ ಎಂಬುದನ್ನು. ಕಂಚಿನ ಯುಗದ ಹೊಲದ ಗಡಿಗೋಡೆಯನ್ನು ಸೀಳಿ ಹೋದ ಕಾಲುವೆ ಆ ಗೋಡೆಗಿಂತ ಈಚಿನದು. ಅದರ ದಂಡೆಯನ್ನು ಅಗೆದುಹಾಕಿದ ಗಣಿಗುಂಡಿ ಇನ್ನೂ ಈಚಿನದು. ಕಾಲುವೆಯ ಕೆಳತುದಿಯಲ್ಲಿ ಚಕ್ರ ಕೂರಿಸಿದ ಕಲ್ಲಿನ ಗುಂಡಿಯೋ, ಅದಿರು ಕುಟ್ಟಿ ಕುಳಿಬಿದ್ದ ಒರಳುಗಲ್ಲೋ ಸಿಕ್ಕರೆ ನೀರು ಏನು ಕೆಲಸ ಮಾಡಿತೆಂಬುದೂ ತಿಳಿಯುತ್ತದೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಉಬ್ಬುತಗ್ಗು ಅಳೆಯುವ ವಿಧಾನ ಬಂದ ಮೇಲೆ, ಪೊದೆಯಡಿ ಮರೆಯಾದ ಕಾಲುವೆಗಳೂ ನಕ್ಷೆಗೆ ಬರುತ್ತಿವೆ.

ಐಲ್ಸ್‌ಬ್ಯಾರೊ ತವರ ಗಣಿಯ ಅವಶೇಷ ಇವುಗಳಲ್ಲಿ ವಿಶಿಷ್ಟವಾದುದು. ಇಲ್ಲಿ ನೀರು ಸಿಗುವುದು ಕೆಳಗೆ, ಗಣಿಬಾವಿ ಇರುವುದು ಮೇಲೆ. ಹಾಗಾಗಿ 19ನೇ ಶತಮಾನದ ಮೊದಲರ್ಧದಲ್ಲಿ ಚಕ್ರವನ್ನು ಕೆಳಗೇ ಕಟ್ಟಿ, ಅದರ ತಿರುಗುವಿಕೆಯನ್ನು ಹಿಂದೆಮುಂದೆ ಚಲಿಸುವ ಉದ್ದನೆಯ ಸರಳುಗಳ ಮೂಲಕ ಗುಡ್ಡದ ಮೇಲಿನ ಪಂಪಿಗೆ ತಲುಪಿಸಿದರು. ಸರಳುಗಳು ಮಾಯವಾಗಿವೆ. ಅವುಗಳಿಗೆ ಆಸರೆಯಾಗಿದ್ದ ಗಿಡ್ಡ ಗ್ರಾನೈಟ್ ಕಂಬಗಳು ಜೋಡಿಜೋಡಿಯಾಗಿ ಇಂದಿಗೂ ನಿಂತಿವೆ. ಗೊತ್ತಿಲ್ಲದವರು ಪ್ರಾಚೀನ ಸಮಾಧಿಯ ಕಲ್ಲುಸಾಲೆಂದುಕೊಂಡರೆ ಆಶ್ಚರ್ಯವಿಲ್ಲ. ಡಾರ್ಟ್‌ಮೂರಿನಲ್ಲಿ ಅಂಥವೂ ಬೇಕಾದಷ್ಟಿವೆ.

ಡಾರ್ಟ್‌ಮೂರಿನ ಪಶ್ಚಿಮ ಅಂಚಿನ ಮೇರಿ ಟೇವಿ ಗ್ರಾಮದ 'ವೀಲ್ ಫ್ರೆಂಡ್‌ಶಿಪ್' ತಾಮ್ರದ ಗಣಿಯ ಕಥೆ ಕನ್ನಡಿಗರಿಗೂ ಸಂಬಂಧಿಸಿದ್ದು. ('ವೀಲ್' ಎಂದರೆ ಕಾರ್ನ್‌ವಾಲ್‌ನ ಹಳೆಯ ನುಡಿಯಲ್ಲಿ ಗಣಿ, ಇಂಗ್ಲಿಷಿನ ಚಕ್ರವಲ್ಲ.) 1798ರಲ್ಲಿ ಈ ಗಣಿಯ ಹೊಣೆ ಹೊತ್ತ ಜಾನ್ ಟೇಲರ್‌ಗೆ ಆಗ ಬರೇ 19 ವರ್ಷ. ಟೇವಿ ನದಿಯ ನೀರನ್ನು ಕಾಲುವೆಗಳಲ್ಲಿ ತಂದು ಚಕ್ರದಿಂದ ಚಕ್ರಕ್ಕೆ ಸುರಿಸಿ ಇಲ್ಲಿನ ಆಳದ ಗಣಿಯನ್ನು ನಡೆಸಲಾಯಿತು. ಮುಂದೆ ಟೇಲರ್ 1803ರಲ್ಲಿ ಆರಂಭಿಸಿದ ಟೇವಿಸ್ಟಾಕ್ ಕಾಲುವೆ 1817ರಲ್ಲಿ ಪೂರ್ಣಗೊಂಡಿತು. ದೋಣಿ ಸಾಗಿಸುವ ಆ ಕಾಲುವೆಗೂ ಆತ ಬೇಕೆಂದೇ ತುಸು ಇಳಿಜಾರು ಕೊಟ್ಟಿದ್ದ, ದಾರಿಯಲ್ಲಿ ಚಕ್ರಗಳನ್ನು ತಿರುಗಿಸಲೆಂದು.

1860ರ ದಶಕದ ನಂತರ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಕಳೆದುಕೊಂಡವರು ದೇಶಾಂತರ ಹೋದರು. ಟೇಲರ್ ವಂಶಜರ 'ಜಾನ್ ಟೇಲರ್ ಅಂಡ್ ಸನ್ಸ್' ಸಂಸ್ಥೆ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಡಳಿತ ನಡೆಸತೊಡಗಿತು. ಕಾರ್ನ್‌ವಾಲ್‌ನ ಗಣಿಗಾರರು ಕೆ.ಜಿ.ಎಫ್.ಗೆ ಬಂದರು. ಇಲ್ಲಿ ತಿರುಗಿಸಿಕೊಳ್ಳಲು ಹೊಳೆಯೇ ಇರಲಿಲ್ಲ. ಆದರೂ 1902ರಲ್ಲಿ ಕಾವೇರಿಯ ನೀರೇ ಗಣಿಗೆ ದುಡಿಯಿತು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರ ತಲುಪಿತು.

ನೀರು ನಿಂತ ಕಾಲುವೆ ಬಹುಕಾಲ ಉಳಿಯುವುದಿಲ್ಲ. ದನಕುರಿಗಳ ತುಳಿತಕ್ಕೆ ದಂಡೆ ಜರಿಯುತ್ತದೆ, ಜೊಂಡು ಬೆಳೆದು ತಗ್ಗು ತುಂಬುತ್ತದೆ. ಟೇವಿಸ್ಟಾಕ್ ಸುತ್ತಲಿನ ಗಣಿ ಪ್ರದೇಶ 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎತ್ತರದ ಬಯಲಿನ ಎಷ್ಟೋ ಲೀಟುಗಳಿಗೆ ಆ ಭಾಗ್ಯವಿಲ್ಲ. ವೀಲ್ ಫ್ರೆಂಡ್‌ಶಿಪ್‌ನ ಕಾಲುವೆಗಳಿಗೆ ಮಾತ್ರ ಬೇರೆ ಗತಿ ಒದಗಿತು. 1930ರ ದಶಕದಲ್ಲಿ ಮೇರಿ ಟೇವಿಯಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದಾಗ ಎಂಜಿನಿಯರುಗಳು ಹೊಸ ಹಾದಿ ಹುಡುಕಲಿಲ್ಲ. ಗಣಿಗಾರರು ಅಗೆದಿದ್ದ ಹಾದಿಗಳಲ್ಲೇ ನೀರು ತಂದರು.